ಓರೆ ಮೊಳೆಯ ತಲೆ ತಗ್ಗಿಸುವ ಬಗೆ

ಹೊಸದಾಗಿ ಮಾಡಿಸಿದ ಕಪಾಟಿನ ಒಳಮೂಲೆಯನ್ನು ಒರೆಸಲು ಹೋದಾಗ ಬೆರಳಿಗೆ ಏನೋ ತರಚಿದ ಅನುಭವ ನಮ್ಮ ವಾಚಕರಲ್ಲಿ, ಅದರಲ್ಲಿಯೂ ಸೋದರಿಯರಲ್ಲಿ, ಬಹುಮಂದಿಗೆ ಆಗಿರಬಹುದು. ದೀಪ ಹಿಡಿದು ನೋಡಿದರೆ ಅಲ್ಲೊಂದು ಮೊಳೆಯ ತಲೆ. ಅದರ ಒಂದಂಚು ಮರದೊಳಗೆ ಹುದುಗಿದೆ. ಇನ್ನೊಂದಂಚು ಹಾವಿನ ಹೆಡೆಯಂತೆ ಎದ್ದು ನಿಂತಿದೆ. ಸೀರೆಯ ಸೆರಗು ಸಿಕ್ಕಿ ಹರಿಯುವುದೂ, ಮಕ್ಕಳ ಮೊಣಕಾಲು ಗೀರಿ ರಕ್ತ ಬರುವುದೂ ಇಂಥದ್ದರಿಂದಲೇ. ವರ್ಗಾವಣೆಯ ನೌಕರಿಯಲ್ಲಿರುವ ನಮ್ಮಂಥವರಿಗೆ ಈ ಕಾಟ ಇನ್ನೂ ಒಂದು ರೂಪದಲ್ಲಿ ಬರುವುದುಂಟು. ಸಾಮಾನು ಕಟ್ಟಿದ ಮರದ ಪೆಟ್ಟಿಗೆಯನ್ನು ಹೊಸ ಊರಿನಲ್ಲಿ ಬಿಚ್ಚುವಾಗ, ಮೂಲೆಯಲ್ಲಿ ಎದ್ದು ನಿಂತ ಮೊಳೆಯೊಂದು ಹಾಸಿಗೆಯ ಸುರುಳಿಯನ್ನೋ ತಂಬೂರಿಯ ಗವಸನ್ನೋ ಸೀಳಿಟ್ಟಿರುತ್ತದೆ.

"ಬಡಗಿ ಅಜಾಗರೂಕ" ಎಂದು ನಾವು ಬೈದು ಸುಮ್ಮನಾಗುತ್ತೇವೆ. ಆದರೆ ಈ ಮೊಳೆಗಳು ಈಗ ಸುತ್ತಿಗೆಯಿಂದ ಹೊಡೆದವುಗಳಲ್ಲ. ಮುಂಬಯಿಯ ಓಶಿವಾರಾದಲ್ಲಾಗಲಿ ದೆಹಲಿಯ ಕೀರ್ತಿನಗರದಲ್ಲಾಗಲಿ ಮರದ ಸಾಮಾನಿನ ಅಂಗಡಿಗಳ ನಡುವೆ ಹತ್ತು ಹೆಜ್ಜೆ ನಡೆದು ನೋಡಿರಿ. ಹಿಂದಿನ ಠಣ್ ಠಣ್ ಸದ್ದಿನ ಜೊತೆಗೆ "ಟಪ್, ಟಪ್" ಎಂಬ ಸಿಡಿಮದ್ದಿನಂಥ ಸದ್ದು ಕೇಳಿಬರುತ್ತದೆ. ಅದು ಗಾಳಿಯೊತ್ತಡದಿಂದ ಮೊಳೆ ಹೊಡೆಯುವ ಯಂತ್ರದ ಸದ್ದು. ನೇಲ್ ಗನ್ ಎಂದೂ, ಬರಿದೆ ಗನ್ ಎಂದೂ ಕೆಲಸಗಾರರು ಕರೆಯುತ್ತಾರೆ. ನೆಟ್ಟಗೆ ಹೊಡೆದಾಗ ಮೊಳೆಯನ್ನು ಮರದ ಮೈಗೆ ಸಮನಾಗಿ ಅಚ್ಚುಕಟ್ಟಾಗಿ ಕೂರಿಸುವ ಈ ಯಂತ್ರವು, ಓರೆಯಾಗಿ ಹೊಡೆದಾಗ ಮಾತ್ರ ಏಕೆ ಮುಗ್ಗರಿಸುತ್ತದೆ, ಅದಕ್ಕೆ ಪರಿಹಾರವೇನು ಎಂಬುದೇ ಈ ಲೇಖನದ ವಿಷಯ. ಬಡಗಿಯ ಕೆಲಸ ಬಡಗಿಗೆ ಎಂದು ವಾಚಕರು ಪುಟ ತಿರುವಬಾರದೆಂದು ಪ್ರಾರ್ಥನೆ. ಕೆಲಸ ಮಾಡುವವನು ಅವನಾದರೂ, ಮೊಳೆಯೊಡನೆ ಬಾಳಬೇಕಾದವರು ನಾವು.

ಓರೆಯಾಗಿ ಹೊಡೆಯುವುದಾದರೂ ಏಕೆ?

ನೆಟ್ಟಗೆ ಹೊಡೆದರೆ ಸುಲಭವೆಂದಮೇಲೆ ಓರೆಯ ತೊಂದರೆ ಯಾತಕ್ಕೆ ಎಂದು ಕೇಳಬಹುದು. ಒಂದು ನಿಲುವು ಮರ ಅಡ್ಡ ಮರದ ಮೇಲೆ ನಿಂತಿದೆ ಎಂದಿಟ್ಟುಕೊಳ್ಳೋಣ. ಅಡ್ಡ ಮರದ ತಳದಿಂದ ನೇರವಾಗಿ ಮೊಳೆ ಹೊಡೆದರೆ ಅದು ನಿಲುವು ಮರದ ಕೊನೆಯ ಕೊಯ್ಲಿನೊಳಗೆ, ಎಳೆಗಳ ಉದ್ದಕ್ಕೆ ಇಳಿಯುತ್ತದೆ. ಮರದ ಎಳೆಗಳು ಪೊರಕೆಯ ಕಡ್ಡಿಗಳಂತೆ ಒಂದರ ಪಕ್ಕದಲ್ಲೊಂದು ನಿಂತಿರುತ್ತವೆ. ಪೊರಕೆಯ ತುದಿಯಿಂದ ಒಳಗೆ ತೂರಿಸಿದ ಕಡ್ಡಿ ಹೇಗೆ ಸಲೀಸಾಗಿ ಹೊರಗೆ ಬರುವುದೋ, ಎಳೆಗಳ ಉದ್ದಕ್ಕೆ ಇಳಿದ ಮೊಳೆಯೂ ಹಾಗೆಯೇ. ಎಳೆಗಳಿಗೆ ಅಡ್ಡವಾಗಿ ಇಳಿದ ಮೊಳೆಗಿಂತ ಅದರ ಹಿಡಿತ ಬಹಳ ಕಡಿಮೆ.

ಅಲ್ಲದೆ ಎಷ್ಟೋ ಸಲ ತಳದ ಕಡೆಯಿಂದ ಕೈ ಹಾಕಲು ಜಾಗವೇ ಇರುವುದಿಲ್ಲ. ಗೋಡೆಗೆ ತಾಗಿದ ಚೌಕಟ್ಟು, ನೆಲದ ಮೇಲೆ ಕೂತುಬಿಟ್ಟ ಪೆಟ್ಟಿಗೆಯ ತಳ, ಇವಕ್ಕೆ ಪಕ್ಕದಿಂದ ಓರೆಯಾಗಿ ಹೊಡೆಯುವುದೊಂದೇ ದಾರಿ. ಇದಕ್ಕೆ ಮರಗೆಲಸದ ಶಾಸ್ತ್ರದಲ್ಲಿ ಒಂದು ನಿಯಮವೇ ಇದೆ. ಮೊಳೆಯ ಉದ್ದದ ಮೂರನೆಯ ಒಂದು ಪಾಲಿನಷ್ಟು ಮೇಲೆ ಆರಂಭಿಸಿ, ನಿಲುವು ಮರದ ಮೈಯೊಡನೆ ಸುಮಾರು 30 ಡಿಗ್ರಿ ಕೋನದಲ್ಲಿ ಹೊಡೆಯತಕ್ಕದ್ದು. 75 ಮಿ.ಮೀ. ಮೊಳೆಯಾದರೆ ತುದಿಯಿಂದ 25 ಮಿ.ಮೀ. ಮೇಲೆ ಆರಂಭ. ಹೀಗೆ ಹೊಡೆದಾಗ ಸುಮಾರು 46 ಮಿ.ಮೀ. ಉದ್ದದ ಮೊಳೆ ಕೆಳಗಿನ ಮರದೊಳಗೆ ಇಳಿದು ಕೂರುತ್ತದೆ ಎಂಬುದನ್ನು ಪ್ರೌಢಶಾಲೆಯ ತ್ರಿಕೋನಮಿತಿಯಿಂದ ಯಾರಾದರೂ ಲೆಕ್ಕ ಹಾಕಬಹುದು.

ಈ 46 ಮಿ.ಮೀ.ಯೇ ಕೀಲಿನ ಪ್ರಾಣ. ಮೊಳೆಯನ್ನು ಕಿತ್ತೆಳೆಯಲು ಬೇಕಾದ ಬಲವು ಅದು ಮರದೊಳಗೆ ಎಷ್ಟು ಉದ್ದ ಇಳಿದಿದೆಯೋ ಅಷ್ಟರ ಪ್ರಮಾಣದಲ್ಲಿರುತ್ತದೆ. ತಲೆ 5 ಮಿ.ಮೀ. ಹೊರಗೆ ನಿಂತಿತೆಂದರೆ ತುದಿಯೂ ಅಷ್ಟೇ ಹಿಂದೆ ಉಳಿಯಿತು. ಅಂದರೆ ಹಿಡಿತದಲ್ಲಿ ರೂಪಾಯಿಗೆ ಸುಮಾರು ಹನ್ನೊಂದು ಪೈಸೆ ನಷ್ಟ. ಓರೆ ಮೊಳೆಯ ಕೀಲಿಗೆ ಮೊದಲೇ ಒಂದು ರಿಯಾಯಿತಿ ಕಳೆಯುವ ಪದ್ಧತಿಯಿದೆ. ಅಮೆರಿಕದ ಮರಗಟ್ಟಡದ ನಿಯಮಗಳಲ್ಲಿ ಓರೆ ಮೊಳೆಗೆ ಅಡ್ಡಬಲದ ಲೆಕ್ಕದಲ್ಲಿ ನೂರಕ್ಕೆ 83ನ್ನೂ, ಕಿತ್ತೆಳೆತದ ಲೆಕ್ಕದಲ್ಲಿ ನೂರಕ್ಕೆ 67ನ್ನೂ ಮಾತ್ರ ಹಿಡಿಯುತ್ತಾರೆ. ಮೊದಲೇ ಕಡಿತವಾದ ಸಂಬಳದಲ್ಲಿ ಇನ್ನೊಂದು ಕಡಿತ ಬಂದರೆ ಏನಾದೀತೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಆದಕಾರಣ ತಲೆ ಎದ್ದು ನಿಲ್ಲುವುದು ಬರೀ ಅಂದಚಂದದ ಪ್ರಶ್ನೆಯಲ್ಲ. ಅಟ್ಟದ ಹಲಗೆಯ ಮೇಲೆ ಅಕ್ಕಿಯ ಡಬ್ಬಿ ಇಡುವವರ ತಲೆಯ ಪ್ರಶ್ನೆಯೂ ಹೌದು.

ಯಂತ್ರದ ಹೊಟ್ಟೆಯೊಳಗೆ

ಗಾಳಿಯಿಂದ ಮೊಳೆ ಹೊಡೆಯುವ ಪದ್ಧತಿ 1950ರ ದಶಕದಲ್ಲಿ ಅಮೆರಿಕದ ಮನೆ ಕಟ್ಟುವ ಕೆಲಸದಲ್ಲಿ ಬಳಕೆಗೆ ಬಂದಿತು. ಅಲ್ಲಿ ಮನೆಯ ಚೌಕಟ್ಟು, ನೆಲ, ಮಾಡು ಎಲ್ಲವೂ ಮರದ್ದೇ. ಒಂದೊಂದು ಮನೆಗೆ ಸಾವಿರಾರು ಮೊಳೆ ಬೇಕು. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಕಾಣುವುದು ಪ್ಲೈವುಡ್ಡಿನ ಕೆಲಸದಲ್ಲಿ, ಸೋಫಾದ ಚೌಕಟ್ಟುಗಳಲ್ಲಿ ಹಾಗೂ ಸರಕು ಸಾಗಿಸುವ ಪೆಟ್ಟಿಗೆಗಳಲ್ಲಿ.

ಯಂತ್ರದ ರಚನೆ ಬಹು ಸರಳವಾದುದು. ಕಂಪ್ರೆಸರು ಗಾಳಿಯನ್ನು ಅದುಮಿ ತೊಟ್ಟಿಯಲ್ಲಿ ತುಂಬುತ್ತದೆ. ರಬ್ಬರಿನ ಪೈಪಿನ ಮೂಲಕ ಆ ಗಾಳಿ ಯಂತ್ರದ ಹಿಡಿಕೆಯೊಳಕ್ಕೆ ಬಂದು ಕಾದಿರುತ್ತದೆ. ಬೆರಳಿನಿಂದ ಕುದುರೆಯನ್ನು ಎಳೆದಾಗ ಗಾಳಿ ಒಂದು ಪಿಸ್ಟನ್ನಿನ ನೆತ್ತಿಯ ಮೇಲೆ ನುಗ್ಗುತ್ತದೆ. ಪಿಸ್ಟನ್ನಿನ ಕೆಳಗೆ ಒಂದು ಗಟ್ಟಿ ಉಕ್ಕಿನ ಕಡ್ಡಿ ಇರುತ್ತದೆ. ಈ ಕಡ್ಡಿಯೇ ಇಲ್ಲಿ ಸುತ್ತಿಗೆ. ಅದು ಮೂತಿಯೊಳಗೆ ಸಾಲಾಗಿ ಕಾದಿರುವ ಮೊಳೆಗಳಲ್ಲಿ ಮೊದಲನೆಯದರ ತಲೆಯ ಮೇಲೆ ಬಡಿದು, ಒಂದೇ ಏಟಿಗೆ ಅದನ್ನು ಮರದೊಳಗೆ ನುಗ್ಗಿಸಿ, ಮತ್ತೆ ಮೇಲಕ್ಕೆ ಹಿಂತಿರುಗುತ್ತದೆ. ಮೂತಿಯ ತುದಿಯಲ್ಲಿ ಒಂದು ಸುರಕ್ಷಾ ತುಂಡು ಇದೆ. ಅದು ಮರಕ್ಕೆ ಒತ್ತಿ ಹಿಂದೆ ಸರಿಯದ ಹೊರತು ಯಂತ್ರ ಹೊಡೆಯುವುದಿಲ್ಲ.

ಇದರ ಬಲ ಎಷ್ಟು? 50 ಮಿ.ಮೀ. ವ್ಯಾಸದ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 19.6 ಚದರ ಸೆಂ.ಮೀ. ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡವಿದ್ದರೆ, ಅಂದರೆ ಮಾಪಕದ ಇನ್ನೊಂದು ಲೆಕ್ಕದಲ್ಲಿ ಸುಮಾರು 100 ಪಿಎಸ್‌ಐ ಇದ್ದರೆ, ಆ ಪಿಸ್ಟನ್ನಿನ ಮೇಲೆ ಬೀಳುವ ಭಾರ ಸುಮಾರು 137 ಕಿಲೋ. ಒತ್ತಡವನ್ನು 5 ಕಿಲೋಗೆ ಇಳಿಸಿದರೆ ಭಾರ 98 ಕಿಲೋ. ಒಬ್ಬ ದಪ್ಪ ಮನುಷ್ಯನನ್ನು ಕಣ್ಣೆವೆ ಮುಚ್ಚುವುದರೊಳಗಾಗಿ ಒಂದು ಕಡ್ಡಿಯ ತುದಿಯ ಮೇಲೆ ಕೂರಿಸಿದಂತೆ! ಹೀಗಿರುವಾಗ ಓರೆ ಮೊಳೆ ಇಳಿಯದಿರುವುದು ಬಲದ ಕೊರತೆಯಿಂದಲೇ ಎಂದು ತಟ್ಟನೆ ಹೇಳಿಬಿಡುವಂತಿಲ್ಲ.

ಎರಡು ಬಗೆಯ ಓರೆ

ಮುಂದೆ ಹೋಗುವ ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಅಂಗಡಿಯಲ್ಲಿ ಯಂತ್ರ ಕೊಳ್ಳಲು ಹೋದರೆ 15 ಡಿಗ್ರಿ, 21 ಡಿಗ್ರಿ, 28 ಡಿಗ್ರಿ, 34 ಡಿಗ್ರಿ ಎಂಬ ಲೆಕ್ಕಗಳನ್ನು ಹೇಳುತ್ತಾರೆ. "34 ಡಿಗ್ರಿಯದು ತೆಗೆದುಕೊಂಡರೆ ಓರೆ ಮೊಳೆ ತಾನಾಗಿ ಸರಿಯಾಗಿ ಕೂರುತ್ತದೆ" ಎಂದು ಗಿರಾಕಿ ತಿಳಿಯುವುದುಂಟು. ಅದು ಸರಿಯಲ್ಲ. ಈ ಡಿಗ್ರಿ ಮೊಳೆಗಳನ್ನು ಒಟ್ಟಿಗೆ ಪೋಣಿಸಿದ ಪಟ್ಟಿಯ ಓರೆ. ಪ್ಲಾಸ್ಟಿಕ್ ಪಟ್ಟಿಯಲ್ಲಿ ಜೋಡಿಸಿದ ಮೊಳೆಗಳು 21 ಡಿಗ್ರಿಯಲ್ಲಿಯೂ, ತಂತಿಯಿಂದ ಬೆಸೆದವು 28ರಲ್ಲಿಯೂ, ಕಾಗದದ ಪಟ್ಟಿಯವು 30ರಿಂದ 34ರಲ್ಲಿಯೂ ಇರುತ್ತವೆ. ಪೆಟ್ಟಿಗೆಯ ಕೆಲಸದ ತಂತಿಸುರುಳಿ ಮೊಳೆಗಳದು 15 ಡಿಗ್ರಿ. ಒಂದು ಡಿಗ್ರಿಯ ಯಂತ್ರಕ್ಕೆ ಇನ್ನೊಂದು ಡಿಗ್ರಿಯ ಪಟ್ಟಿ ಹಾಕಿದರೆ ಮೊಳೆ ಸಿಕ್ಕಿಕೊಳ್ಳುತ್ತದೆ.

ಪಟ್ಟಿ ಎಷ್ಟು ಓರೆಯಿದ್ದರೂ ಮೂತಿಯಿಂದ ಹೊರಬೀಳುವ ಮೊಳೆ ಮೂತಿಯ ನೇರದಲ್ಲಿಯೇ ಹೊರಬೀಳುತ್ತದೆ. ಪಟ್ಟಿಯ ಓರೆಯ ಪ್ರಯೋಜನವೇ ಬೇರೆ: ಮೊಳೆಯ ಡಬ್ಬಿ ಮೇಲಕ್ಕೆ ಬಾಗಿರುವುದರಿಂದ ಯಂತ್ರವನ್ನು ಇಕ್ಕಟ್ಟಾದ ಮೂಲೆಗೆ ತೂರಿಸಬಹುದು. ಓರೆ ಮೊಳೆ ಹೊಡೆಯುವವನಿಗೆ ಇದೊಂದು ಅನುಕೂಲವೇ ಸರಿ. ಆದರೆ ತಲೆ ತಗ್ಗುವ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಆ ಪ್ರಶ್ನೆ ಇರುವುದು ಮರದ ಮೈಗೂ ಮೂತಿಗೂ ನಡುವಿನ ಕೋನದಲ್ಲಿ.

ತಲೆ ಏಕೆ ಏಳುತ್ತದೆ?

ಇದಕ್ಕೆ ಎರಡು ಕಾರಣಗಳು. ಮೊದಲನೆಯದು ಮೊಳೆಯ ತಲೆಯ ಆಕಾರ. ತಲೆ ಒಂದು ಚಪ್ಪಟೆ ಬಿಲ್ಲೆ. ಮೊಳೆ ಎಷ್ಟು ವಾಲಿತೋ ಬಿಲ್ಲೆಯೂ ಅಷ್ಟೇ ವಾಲುತ್ತದೆ. ತಲೆಯ ವ್ಯಾಸ 7 ಮಿ.ಮೀ. ಇದ್ದು, ನೆಟ್ಟನೆಯ ಗೆರೆಯಿಂದ ಮೊಳೆ 15 ಡಿಗ್ರಿ ವಾಲಿದರೆ ಬಿಲ್ಲೆಯ ಒಂದಂಚು ಇನ್ನೊಂದಕ್ಕಿಂತ 1.8 ಮಿ.ಮೀ. ಮೇಲಿರುತ್ತದೆ. 30 ಡಿಗ್ರಿ ವಾಲಿದರೆ 3.5 ಮಿ.ಮೀ.; 45 ಡಿಗ್ರಿಗೆ ಸುಮಾರು 5; ಮೇಲೆ ಹೇಳಿದ ನಿಯಮದಂತೆ ನಿಲುವು ಮರದ ಮೈಯೊಡನೆ 30 ಡಿಗ್ರಿ, ಅಂದರೆ ನೆಟ್ಟನೆಯ ಗೆರೆಯಿಂದ 60 ಡಿಗ್ರಿ ವಾಲಿದರೆ ಸುಮಾರು 6 ಮಿ.ಮೀ. ಮೇಲಿನ ಅಂಚು ಮರದ ಮೈಗೆ ಸಮನಾಗಬೇಕಾದರೆ ಕೆಳಗಿನ ಅಂಚು ಅಷ್ಟೂ ಆಳ ಮರದೊಳಗೆ ಹುದುಗಲೇಬೇಕು. ಇದು ಯಾವ ಯಂತ್ರವೂ ತಪ್ಪಿಸಲಾರದ ಲೆಕ್ಕ.

ಎರಡನೆಯ ಕಾರಣ ಮೂತಿಯ ಅಗಲ. ಯಂತ್ರವನ್ನು ವಾಲಿಸಿದಾಗ ಮೂತಿ ಪೂರ್ತಿಯಾಗಿ ಮರವನ್ನು ಮುಟ್ಟುವುದಿಲ್ಲ. ವಾಲಿದ ಕಡೆಯ ಅಂಚು ಮಾತ್ರ ತಾಗುತ್ತದೆ. ಮೊಳೆ ಹೊರಬೀಳುವ ನಡುಭಾಗಕ್ಕೂ ಮರಕ್ಕೂ ನಡುವೆ ಒಂದು ಸಂದು ಉಳಿಯುತ್ತದೆ. ನಡುವಿನಿಂದ ಅಂಚಿಗೆ 6 ಮಿ.ಮೀ. ಇರುವ ಮೂತಿಯಾದರೆ, 30 ಡಿಗ್ರಿ ವಾಲಿದಾಗ ಈ ಸಂದು ಮೊಳೆಯ ದಾರಿಯಲ್ಲಿ 3.5 ಮಿ.ಮೀ.; 45 ಡಿಗ್ರಿಗೆ 6; 60 ಡಿಗ್ರಿಗೆ 10 ಮಿ.ಮೀ.ಗೂ ಮಿಕ್ಕಿ. ಒಳಗಿನ ಉಕ್ಕಿನ ಕಡ್ಡಿಯಾದರೋ ತನ್ನ ಓಟದ ಕೊನೆಯಲ್ಲಿ ಮೂತಿಯಿಂದ ಹೊರಗೆ ಚಾಚುವುದು ಕೆಲವೇ ಮಿ.ಮೀ. ಅದರ ಓಟ ಮುಗಿಯಿತು, ಆದರೆ ಮೊಳೆಯ ಪ್ರಯಾಣ ಮುಗಿಯಲಿಲ್ಲ.

ಅಟ್ಟದ ಮೇಲಿನ ಉಪ್ಪಿನಕಾಯಿಯ ಭರಣಿಯನ್ನು ನೆನೆಸಿಕೊಳ್ಳಿರಿ. ಕೆಳಗೆ ನಿಂತವನು ಗರಡಿಯ ಪೈಲ್ವಾನನೇ ಆಗಿರಲಿ, ಕೈ ಒಂದು ಗೇಣು ಮೋಟಾದರೆ ಅವನ ಬಲವೆಲ್ಲ ವ್ಯರ್ಥ. ಮಣೆಯೊಂದರ ಮೇಲೆ ನಿಂತ ಹುಡುಗಿ ಅದನ್ನು ಸುಲಭವಾಗಿ ಇಳಿಸುತ್ತಾಳೆ. ಓರೆ ಮೊಳೆಯ ವಿಷಯದಲ್ಲಿಯೂ ಹೀಗೆಯೇ. ಕಡ್ಡಿಗೆ ಬಲವಿದೆ, ಎಟುಕಿಲ್ಲ.

ಗಾಳಿ ಏರಿಸುವ ಚಾಳಿ

ಈ ಭೇದವನ್ನು ತಿಳಿಯದವರು ಮೊದಲು ಮಾಡುವ ಕೆಲಸವೆಂದರೆ ಕಂಪ್ರೆಸರಿನ ತಿರುಪು ತಿರುಗಿಸಿ ಒತ್ತಡವನ್ನು ಏರಿಸುವುದು. ನಮ್ಮ ವಸತಿಗೃಹಗಳ ಹಿಂದಿನ ಗಲ್ಲಿಯಲ್ಲಿ ವಿಜಯಪುರದ ಕಡೆಯ ಹಿರಿಯ ಮೇಸ್ತ್ರಿಯೊಬ್ಬರ ಅಂಗಡಿಯಿದೆ. ಭಾನುವಾರಗಳಂದು ಅವರೊಡನೆ ಮಾತನಾಡುವುದು ನನಗೊಂದು ಹವ್ಯಾಸ. ಈ ಮಾತೆತ್ತಿದಾಗ ಅವರು ನಕ್ಕು ಹೇಳಿದರು: "ಏನ್ರೀ ಸಾಹೇಬ್ರ, ಮೊಳಿ ತಲಿ ಎದ್ದು ನಿಂತ್ರ ಎಲ್ಲಾರೂ ಗಾಳೀನ ಬೈತಾರ್ರೀ. ಗಾಳಿ ಏನ್ ಮಾಡ್ತೈತ್ರಿ? ಕಡ್ಡಿ ಎಲ್ಲೀತನಕಾ ಮುಟ್ಟತೈತೋ ಅಲ್ಲೀತನಕಾ ಹೊಡೀತೈತಿ. ಕಡೀ ಒಂದ್ ನೂಲು ಸುತ್ತಿಗೀ ಕೆಲಸಾರೀ, ಅದನ್ನ ಗಾಳೀಗ್ ಹಚ್ಚಬಾರ್ದು." ನೂಲು ಎಂದರೆ ಬಡಗಿಗಳ ಲೆಕ್ಕದಲ್ಲಿ ಅಂಗುಲದ ಎಂಟನೆಯ ಒಂದು ಪಾಲು, ಸುಮಾರು 3 ಮಿ.ಮೀ. ಇಡೀ ಶಾಸ್ತ್ರವನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟರು.

ಒತ್ತಡ ನಿಜವಾಗಿಯೂ ಕಡಿಮೆಯಿದ್ದರೆ ಏರಿಸಬೇಕಾದದ್ದೇ. ಅದನ್ನು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಅದೇ ಮರದ ಚೂರಿನ ಮೇಲೆ ಅದೇ ಮೊಳೆಯನ್ನು ನೆಟ್ಟಗೆ ಹೊಡೆದು ನೋಡತಕ್ಕದ್ದು. ನೆಟ್ಟಗೆ ಹೊಡೆದಾಗಲೂ ತಲೆ ಏಳುತ್ತಿದ್ದರೆ ಕೊರತೆ ಗಾಳಿಯದು, ಅಥವಾ ಆಳದ ತಿರುಪಿನದು. ನೆಟ್ಟಗೆ ಹೊಡೆದಾಗ ಸರಿಯಾಗಿ ಕೂತು ಓರೆಯಲ್ಲಿ ಮಾತ್ರ ಎದ್ದರೆ ಕೊರತೆ ಎಟುಕಿನದು. ಅಲ್ಲಿ ಗಾಳಿ ಏರಿಸಿ ಪ್ರಯೋಜನವಿಲ್ಲ.

ಪ್ರಯೋಜನವಿಲ್ಲದಿರುವುದು ಮಾತ್ರವಲ್ಲ, ಅಪಾಯವೂ ಇದೆ. ಹೆಚ್ಚಿನ ಒತ್ತಡದಲ್ಲಿ ಒಳಗಿನ ರಬ್ಬರಿನ ದಿಂಬು ಬೇಗ ಜಜ್ಜಿಹೋಗುತ್ತದೆ. ಯಂತ್ರ ಹಿಮ್ಮುಖವಾಗಿ ಜೋರಾಗಿ ಒದೆಯುತ್ತದೆ. ಮೊಳೆ ಮೆದು ಮರದಲ್ಲಿ ಪಾರಾಗಿ ಆಚೆ ಬದಿಯಲ್ಲಿ ಹೊರಬರಬಹುದು. ಗಂಟಿಗೆ ತಾಗಿ ಬಳುಕಿ ಪಕ್ಕಕ್ಕೆ ಹೊರಡಬಹುದು. ಓರೆಯಾಗಿ ಹಿಡಿದ ಮೂತಿ ಮರದ ಮೇಲೆ ಜಾರಿದರಂತೂ ಮೊಳೆ ಎಲ್ಲಿಗೆ ಹೋದೀತೆಂದು ಹೇಳಲಾಗದು. ಅಮೆರಿಕದಲ್ಲಿ 2001ರಿಂದ 2005ರವರೆಗಿನ ಲೆಕ್ಕ ತೆಗೆದಾಗ, ಈ ಯಂತ್ರಗಳಿಂದ ಗಾಯಗೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದವರು ವರ್ಷಕ್ಕೆ ಸುಮಾರು 37,000 ಮಂದಿ. ಅವರಲ್ಲಿ ನೂರಕ್ಕೆ 40 ಮಂದಿ ಕಸುಬಿನವರಲ್ಲ, ಮನೆಯಲ್ಲಿ ಕೆಲಸ ಮಾಡಿಕೊಳ್ಳುತ್ತಿದ್ದ ಗೃಹಸ್ಥರು. ಈ ಅಂಕಿಗಳನ್ನು ಕೂಲಿಕಾರನ ಮನೆಯ ದೃಷ್ಟಿಯಿಂದ ನೋಡಬೇಕು. ನಮ್ಮ ನಗರಗಳಲ್ಲಿ ಗನ್ ಹಿಡಿದಿರುವ ಹುಡುಗನೂ ನಮ್ಮಂತೆಯೇ ಊರು ಬಿಟ್ಟು ಬಂದವನು. ಅವನ ಎಡಗೈಗೆ ಮೊಳೆ ಹೊಕ್ಕರೆ ಆ ತಿಂಗಳು ಊರಿಗೆ ಹಣ ಹೋಗುವುದಿಲ್ಲ.

ಹೊಡೆಯುವ ಕ್ರಮ

ಹಾಗಾದರೆ ಎಟುಕನ್ನು ಹೆಚ್ಚಿಸುವ ಬಗೆ ಹೇಗೆ? ಅನುಭವಸ್ಥರು ಅನುಸರಿಸುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ.

ಮೊದಲನೆಯದಾಗಿ, ಸಾಧ್ಯವಾದಷ್ಟು ಕಡಿಮೆ ಓರೆ. ಬರೀ ತುಂಡು ಕದಲದಂತೆ ಹಿಡಿದಿಡುವ ಮೊಳೆಯಾದರೆ 60 ಡಿಗ್ರಿ ವಾಲಿಸುವ ಅಗತ್ಯವಿಲ್ಲ. 45ರಲ್ಲಿ ಹೊಡೆದರೂ ಸಂದು 10 ಮಿ.ಮೀ.ಯಿಂದ 6ಕ್ಕೆ ಇಳಿಯುತ್ತದೆ. ಬೇಕಾದ ಕೋನಕ್ಕೆ ಕೊಯ್ದ ಮರದ ಬೆಣೆಯೊಂದನ್ನು ಮೂತಿಯ ಪಕ್ಕದಲ್ಲಿಟ್ಟು ಕಣ್ಣಳತೆಗೆ ಬಳಸಿಕೊಂಡರೆ ಪ್ರತಿಯೊಂದು ಮೊಳೆಯೂ ಒಂದೇ ಓರೆಯಲ್ಲಿ ಇಳಿಯುತ್ತದೆ.

ಎರಡನೆಯದಾಗಿ, ಆಳದ ತಿರುಪು. ಬಹುತೇಕ ಯಂತ್ರಗಳಲ್ಲಿ ಸುರಕ್ಷಾ ತುಂಡಿನ ಉದ್ದವನ್ನು ಹೆಚ್ಚು ಕಡಿಮೆ ಮಾಡುವ ಗಾಲಿಯೊಂದಿರುತ್ತದೆ. ಆ ತುಂಡನ್ನು ಮೋಟು ಮಾಡಿದಷ್ಟೂ ಯಂತ್ರದ ದೇಹ ಮರಕ್ಕೆ ಹತ್ತಿರ ಬಂದು ಕಡ್ಡಿ ಆಳಕ್ಕೆ ತಲುಪುತ್ತದೆ. ಉಪ್ಪಿನಕಾಯಿ ಇಳಿಸುವ ಹುಡುಗಿಯ ಮಣೆ ಎಂದರೆ ಇದೇ. ತಿರುಪು ಮುಟ್ಟುವ ಮೊದಲು ಗಾಳಿಯ ಪೈಪನ್ನು ಕಳಚಿಡಬೇಕೆಂಬುದನ್ನು ಮರೆಯಬಾರದು. ಮರಕ್ಕೆ ಗುರುತು ಬೀಳದಿರಲೆಂದು ತುದಿಗೆ ಹಾಕಿದ ರಬ್ಬರಿನ ಟೊಪ್ಪಿಗೆಯಿದ್ದರೆ ಅದನ್ನೂ ತೆಗೆಯತಕ್ಕದ್ದು; ಅದರ ದಪ್ಪವೂ ಎಟುಕನ್ನು ತಿನ್ನುತ್ತದೆ.

ಮೂರನೆಯದಾಗಿ, ಹಲ್ಲು ಊರುವುದು. ಚೌಕಟ್ಟಿನ ಕೆಲಸದ ಯಂತ್ರಗಳ ಮೂತಿಯಲ್ಲಿ ಗರಗಸದಂಥ ಚೂಪು ಹಲ್ಲುಗಳಿರುತ್ತವೆ. ಅವು ಇರುವುದೇ ಓರೆಗಾಗಿ. ಹಲ್ಲುಗಳನ್ನು ಗುರುತಿನ ಮೇಲೆ ಊರಿ, ಅವು ಮರವನ್ನು ಕಚ್ಚಿದ ಮೇಲೆ ಯಂತ್ರವನ್ನು ಬೇಕಾದ ಕೋನಕ್ಕೆ ತಂದು, ಮೊಳೆ ಹೋಗುವ ದಿಕ್ಕಿನಲ್ಲಿಯೇ ಬಲವಾಗಿ ಒತ್ತಿ ಹಿಡಿದು, ಆಮೇಲೆ ಕುದುರೆ ಎಳೆಯಬೇಕು. ಏಟು ಬಿದ್ದ ಕ್ಷಣದಲ್ಲಿ ಯಂತ್ರ ಹಿಂದಕ್ಕೆ ಪುಟಿಯುತ್ತದೆ. ಕೈ ಸಡಿಲವಿದ್ದರೆ ಕಡ್ಡಿ ತನ್ನ ಕೆಲಸ ಮುಗಿಸುವ ಮೊದಲೇ ಮೂತಿ ಮೇಲೆದ್ದು, ತಲೆ ಅಷ್ಟರಮಟ್ಟಿಗೆ ಹೊರಗೆ ಉಳಿಯುತ್ತದೆ. ತುಂಡುಗಳನ್ನು ಹಿಡಿಯಲು ಕೈ ಬಳಸದೆ ಶಿಕಂಜ ಹಾಕುವುದು ಲೇಸು. ಬಿಡುವಾದ ಕೈ ಮೊಳೆಯ ಜಾಗದಿಂದ ಕನಿಷ್ಠ ಒಂದು ಅಡಿ ದೂರದಲ್ಲಿರಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ.

ಕುದುರೆಯಲ್ಲಿಯೂ ಎರಡು ಬಗೆಯುಂಟು. ಒಂದರಲ್ಲಿ ಬೆರಳು ಅದುಮಿಯೇ ಇಟ್ಟು ಮೂತಿ ತಾಗಿಸಿದಲ್ಲೆಲ್ಲ ಮೊಳೆ ಹೊರಡುತ್ತದೆ. ಇನ್ನೊಂದರಲ್ಲಿ ಮೊದಲು ಮೂತಿ ಒತ್ತಿ, ಬಳಿಕ ಕುದುರೆ ಎಳೆದರೆ ಒಂದೇ ಮೊಳೆ. ಮತ್ತೊಂದಕ್ಕೆ ಮತ್ತೆ ಮೊದಲಿನಿಂದ. ಮೊದಲ ಬಗೆಯಲ್ಲಿ ಗಾಯದ ಸಂಭವ ಎರಡರಷ್ಟು ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2011ರ ತನ್ನ ಕೈಪಿಡಿಯಲ್ಲಿ ಹೇಳಿದೆ. ಓರೆ ಮೊಳೆಗೆ ಎರಡನೆಯ ಬಗೆಯೇ ತಕ್ಕುದು.

ನಾಲ್ಕನೆಯದಾಗಿ, ಮೊಳೆಯ ಆಯ್ಕೆ. ಕಪಾಟಿನ ಪಟ್ಟಿಗಳಿಗೆ ಬಳಸುವ ಎಫ್-30 ಎಂಬ 18 ಗೇಜಿನ ಸಣ್ಣ ಮೊಳೆಯ ತಲೆ ಸುಮಾರು 2 ಮಿ.ಮೀ. ಅದು 45 ಡಿಗ್ರಿ ವಾಲಿದರೂ ಅಂಚು ಏಳುವುದು 1.4 ಮಿ.ಮೀ. ಮಾತ್ರ. ಪಂಚಿನ ಒಂದೇ ಏಟಿಗೆ ಅದು ಒಳಗೆ ಹೋಗಿ, ಮೇಲೆ ಪುಟ್ಟಿ ತುಂಬಿದರೆ ಗುರುತೇ ಸಿಗದು. ಭಾರ ಹೊರದ, ಕಣ್ಣಿಗೆ ಕಾಣುವ ಜಾಗಕ್ಕೆ ಇದೇ ಸರಿ. ಭಾರ ಹೊರುವ ಕೀಲಿಗೆ ದೊಡ್ಡ ತಲೆಯ ಮೊಳೆಯೇ ಬೇಕು. ಅಲ್ಲಿ ಮೊಳೆ ಇಳಿಯುವ ಜಾಗದಲ್ಲಿ ಮೊದಲೇ ಉಳಿಯಿಂದ ಓರೆಯಾಗಿ ಒಂದು ಸಣ್ಣ ಗೂಡು ಕೆತ್ತಿಕೊಂಡರೆ ತಲೆ ಅದರೊಳಗೆ ಅಡಗುತ್ತದೆ.

ಕೊನೆಯದಾಗಿ, ಮೇಸ್ತ್ರಿಯವರು ಹೇಳಿದ ಸುತ್ತಿಗೆ. ಯಂತ್ರ ಬಡಿಯುವುದು ಮೊಳೆಯ ದಾರಿಯಲ್ಲಿ ಮಾತ್ರ. ಸುತ್ತಿಗೆಯಾದರೋ ಎರಡೂ ಕಡೆಯಿಂದ ಬಡಿಯಬಲ್ಲದು. ಪಂಚನ್ನು ಮೊಳೆಯ ಓರೆಯಲ್ಲಿಯೇ ಇಟ್ಟು ಒಂದೆರಡು ಏಟು ಹಾಕಿ ಉಳಿದ ಉದ್ದವನ್ನು ಒಳಗೆ ಇಳಿಸಿ, ಕಡೆಯ ಏಟನ್ನು ಮರದ ಮೈಗೆ ನೇರವಾಗಿ ಹಾಕಿದರೆ, ಎದ್ದ ಅಂಚು ಬಾಗಿ ಮರಕ್ಕೆ ಮಲಗುತ್ತದೆ. ಅರ್ಧ ಇಳಿದ ಮೊಳೆಯ ತಲೆಯ ಮೇಲೆ ಇನ್ನೊಂದು ಮೊಳೆ ಹೊಡೆದು ತಗ್ಗಿಸಲು ಮಾತ್ರ ಎಂದಿಗೂ ಹೋಗಬಾರದು. ಉಕ್ಕಿಗೆ ಉಕ್ಕು ತಾಗಿ ಮೊಳೆ ಮುಖಕ್ಕೇ ಹಾರಬಹುದು.

ಓರೆಯೇ ನಿತ್ಯದ ಕೆಲಸವಾದ ಕಡೆ ಯಂತ್ರವನ್ನೇ ಅದಕ್ಕೆ ತಕ್ಕಂತೆ ಮಾಡಿರುವುದೂ ಉಂಟು. ಮರದ ಹಲಗೆಗಳ ನೆಲ ಹಾಸುವವರು ಹಲಗೆಯ ನಾಲಗೆಯ ಮೇಲೆ 45 ಡಿಗ್ರಿಯಲ್ಲಿ ಮೊಳೆ ಹೊಡೆಯುತ್ತಾರೆ. ಮುಂದಿನ ಹಲಗೆ ಅದನ್ನು ಮುಚ್ಚುತ್ತದೆ. ಅವರ ಯಂತ್ರದ ಪಾದವನ್ನೇ ಆ ಕೋನಕ್ಕೆ ಕತ್ತರಿಸಿರುವುದರಿಂದ ಮೂತಿಗೂ ಮರಕ್ಕೂ ನಡುವೆ ಸಂದೇ ಉಳಿಯುವುದಿಲ್ಲ. ಬೇಕಾದದ್ದು ಎಟುಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಳೆಗಾಲ ಮತ್ತು ಕಂಪ್ರೆಸರು

ಬೆಳಿಗ್ಗೆ ಸರಿಯಾಗಿ ಕೂತ ಮೊಳೆಗಳು ಮಧ್ಯಾಹ್ನದ ಹೊತ್ತಿಗೆ ಏಳತೊಡಗಿದರೆ ಯಂತ್ರದ ಆರೋಗ್ಯವನ್ನು ಪರೀಕ್ಷಿಸಬೇಕು. ಮುಂಬಯಿಯ ಮಳೆಗಾಲದ ಗಾಳಿಯಲ್ಲಿ ನೀರೇ ನೀರು. ಆ ಗಾಳಿಯನ್ನು ಅದುಮಿದಾಗ ನೀರು ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಪೈಪಿನ ಮೂಲಕ ಯಂತ್ರದೊಳಕ್ಕೂ ಹೋಗಿ ತುಕ್ಕು ಹಿಡಿಸುತ್ತದೆ. ದಿನದ ಕೆಲಸ ಮುಗಿದ ಮೇಲೆ ತೊಟ್ಟಿಯ ಕೆಳಗಿನ ತಿರುಪು ಬಿಚ್ಚಿ ನೀರು ಹರಿಸಿಬಿಡುವುದು ಒಳ್ಳೆಯ ರೂಢಿ. ಎಣ್ಣೆ ಬೇಡುವ ಯಂತ್ರವಾದರೆ ಅದಕ್ಕೆಂದೇ ಮಾರುವ ಎಣ್ಣೆಯನ್ನು ದಿನಕ್ಕೆ ಕೆಲವು ಹನಿ ಹಾಕತಕ್ಕದ್ದು. ಒಳಗಿನ ರಬ್ಬರಿನ ಬಳೆಗಳು ಒಣಗಿ ಗಾಳಿ ಸೋರಿದರೆ ಏಟಿನ ಬಲ ಇಳಿಯುತ್ತದೆ. ಸಪೂರವಾದ ಉದ್ದನೆಯ ಪೈಪಿನಲ್ಲಿ ಬರುವಾಗಲೂ ಒತ್ತಡ ಕುಗ್ಗುತ್ತದೆ. ತೊಟ್ಟಿಯ ಮಾಪಕ 7 ಕಿಲೋ ತೋರಿಸಿದರೂ ಯಂತ್ರಕ್ಕೆ ತಲುಪುವುದು ಅದಕ್ಕಿಂತ ಕಡಿಮೆ. ಎಡೆಬಿಡದೆ ಹೊಡೆದಾಗ ಸಣ್ಣ ತೊಟ್ಟಿ ಬರಿದಾಗುವುದೂ ಉಂಟು. ಏನೇ ಆದರೂ ಯಂತ್ರದ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಮೀರಕೂಡದು. ಆಮ್ಲಜನಕದಂಥ ಸಿಲಿಂಡರಿನ ಅನಿಲವನ್ನು ಈ ಯಂತ್ರಕ್ಕೆ ಜೋಡಿಸುವುದಂತೂ ಪ್ರಾಣಕ್ಕೇ ಕುತ್ತು.

ಮರದ ಜಾತಿಯನ್ನೂ ಗಮನಿಸಬೇಕು. ಪೆಟ್ಟಿಗೆಯ ಪೈನ್ ಮರ ಮೆದು; ಸಾಲ, ಬಬ್ಬುಲ ಗಟ್ಟಿ; ತೇಗ ನಡುವಿನದು. ಪೈನಿಗೆ ಇಟ್ಟ ಒತ್ತಡದಲ್ಲಿ ಸಾಲಕ್ಕೆ ಹೊಡೆದರೆ ತಲೆ ನಿಂತೀತು. ಸಾಲಕ್ಕೆ ಇಟ್ಟದ್ದನ್ನು ಪೈನಿಗೆ ಹೊಡೆದರೆ ತಲೆ ಮುಳುಗಿ ಎಳೆಗಳು ಕತ್ತರಿಸಿಹೋದಾವು. ಮರ ಬದಲಾದಾಗಲೆಲ್ಲ ಚೂರಿನ ಮೇಲೆ ಒಂದು ಪರೀಕ್ಷೆ ಅಗತ್ಯ.

ಮಾಡಿಸುವವರಿಗೆ ಎರಡು ಮಾತು

ಕಪಾಟನ್ನೋ ಮಂಚವನ್ನೋ ಮನೆಗೆ ತಂದಾಗ ಮೇಲಿನ ಹೊಳಪನ್ನು ನೋಡಿ ಹಣ ಎಣಿಸಿಬಿಡುವುದು ನಮ್ಮ ಪದ್ಧತಿ. ಮುಂದೆ ಹಾಗೆ ಮಾಡದೆ, ಒಂದು ಹಳೆಯ ಬನಿಯನ್ನಿನ ತುಂಡನ್ನು ಹಿಡಿದು ಒಳಮೂಲೆಗಳ ಮೇಲೆಲ್ಲ ಮೆಲ್ಲನೆ ಎಳೆಯಿರಿ. ಎದ್ದ ಮೊಳೆಯಿದ್ದರೆ ಬಟ್ಟೆ ಸಿಕ್ಕಿಕೊಂಡು ತಾನೇ ವರದಿ ಒಪ್ಪಿಸುತ್ತದೆ. ಸಿಕ್ಕಿದ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಬಡಗಿ ಹೊರಡುವ ಮೊದಲೇ ತೋರಿಸಿರಿ. ಹತ್ತು ಗುರುತುಗಳಿಗೆ ಪಂಚು ಸುತ್ತಿಗೆ ಹಿಡಿದು ಐದು ನಿಮಿಷ ಸಾಕು.

ಆ ಐದು ನಿಮಿಷವನ್ನು ಕೊಡುವ ಹೊಣೆ ನಮ್ಮದು ಕೂಡ. "ನಾಳೆ ಗೃಹಪ್ರವೇಶ, ಇವತ್ತೇ ಮುಗಿಸಪ್ಪಾ" ಎಂದು ಅವಸರಪಡಿಸಿ, ಮೇಲಿಂದ ಕೂಲಿಯಲ್ಲಿ ಚೌಕಾಶಿಯನ್ನೂ ಮಾಡಿದರೆ, ಅವನು ಬೆರಳು ಕುದುರೆಯಿಂದ ತೆಗೆಯದೆ ಟಪ್ ಟಪ್ ಎಂದು ಹೊಡೆದು ಹೊರಟುಬಿಡುತ್ತಾನೆ. ಕಡೆಯ ಒಂದು ನೂಲಿನ ಕೆಲಸಕ್ಕೆ ಕೂಲಿಯಲ್ಲಿ ಜಾಗವಿರದಿದ್ದರೆ ಆ ನೂಲು ನಮ್ಮ ಕಪಾಟಿನಲ್ಲಿಯೇ ಉಳಿಯುತ್ತದೆ. ಮಾತಾಡಿಕೊಳ್ಳುವಾಗಲೇ "ಮೊಳೆಯ ತಲೆಗಳನ್ನು ಸುತ್ತಿಗೆಯಿಂದ ತಗ್ಗಿಸಿ ಕೊಡಬೇಕು, ಅದಕ್ಕೆ ಇಷ್ಟು" ಎಂದು ಹೇಳಿಬಿಡುವುದು ಇಬ್ಬರಿಗೂ ಒಳ್ಳೆಯದು. ಮಗುವಿನ ಮೊಣಕಾಲಿಗೆ ಹಾಕಿಸುವ ಚುಚ್ಚುಮದ್ದಿಗಿಂತ ಅದು ಖಂಡಿತವಾಗಿಯೂ ಅಗ್ಗ.